‘ಇಲ್ಲಿ’ ಎಂದು ಕೆತ್ತಬೇಡಿ ಎಂದವನು ನಾನೇ

ಕಳೆದ ಫೆಬ್ರುವರಿಯಲ್ಲಿ, ಕೊಯ್ಲಿನ ಕೊನೆಯ ಕಾಫಿ ಚೀಲಗಳು ಕಣದಿಂದ ಎದ್ದ ಮೇಲೆ, ನಮ್ಮೂರಿನ ಹದಿನಾಲ್ಕು ಮಂದಿ ಸೇರಿ ಒಂದು ಕಲ್ಲನ್ನು ನಿಲ್ಲಿಸಿದರು. ಎಂಟೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲ, ಒಂಬತ್ತು ಅಂಗುಲ ದಪ್ಪ. ತೂಕ ಒಂದೂಕಾಲು ಟನ್ನಿನ ಆಸುಪಾಸು ಎಂದು ನಾನು ಲೆಕ್ಕ ಹಾಕಿದ್ದೆ. ಲಾರಿಯವನು ಎರಡು ಟನ್ನಿನ ಬಾಡಿಗೆ ತೆಗೆದುಕೊಂಡ. ಜೆಸಿಬಿ ತರಿಸಬಹುದಿತ್ತು. ಆದರೆ ಅದು ಬರಬೇಕಾದ ದಾರಿಯ ಎಡಕ್ಕೆ ಮೆಣಸಿನ ಬಳ್ಳಿ, ಬಲಕ್ಕೆ ಕಡಂಗ ಎಂಬ ಹಳೆಯ ಕಂದಕ. ಬಳ್ಳಿ ಹೋದರೆ ತೋಟದ ಯಜಮಾನರು ಬಿಡುವುದಿಲ್ಲ, ಕಡಂಗದ ದಂಡೆ ಕುಸಿದರೆ ನಾನು ಬಿಡುವುದಿಲ್ಲ. ಕಡೆಗೆ ಸಿಲ್ವರ್ ಓಕ್ ದಿಮ್ಮಿಗಳ ಮೇಲೆ ಉರುಳಿಸಿ, ಹಗ್ಗ ಕಟ್ಟಿ ಎಳೆದದ್ದಾಯಿತು. ಇನ್ನೂರು ಅಡಿ ಸಾಗಲು ಇಡೀ ಒಂದು ಬೆಳಿಗ್ಗೆ ಹಿಡಿಯಿತು.

ಎಳೆದವರಲ್ಲಿ ನಾನಿರಲಿಲ್ಲ. ನನಗೆ ಅರವತ್ತೇಳು. ಮೂವತ್ತೊಂದು ವರ್ಷ ಸರ್ವೆಯರ್ ಆಗಿ ಕೊಡಗು ಜಿಲ್ಲೆಯ ಗುಡ್ಡಗಳನ್ನು ಸರಪಳಿ ಹಿಡಿದು ಅಳೆದವನು. ಗದ್ದೆಗೆ ಸೇರಿದ ಬಾಣೆ ಜಮೀನು ಎಲ್ಲಿ ಮುಗಿಯಿತು, ಸರ್ಕಾರದ ಪೈಸಾರಿ ಎಲ್ಲಿ ಶುರುವಾಯಿತು, ಅಣ್ಣನ ಗದ್ದೆ ಯಾವುದು, ತಮ್ಮನದು ಯಾವುದು ಎಂದು ಹೇಳಿ ಇಬ್ಬರಿಂದಲೂ ಬೈಸಿಕೊಂಡವನು. ಆ ಕೆಲಸದಲ್ಲಿ ನಾನು ನೆಡಿಸಿದ ಬಾಂದುಕಲ್ಲುಗಳು ಸಾವಿರಕ್ಕೆ ಕಡಿಮೆಯಿಲ್ಲ. ಬಾಂದುಕಲ್ಲಿಗೆ ಇರುವುದು ಒಂದೇ ಕೆಲಸ: ‘ಇಲ್ಲಿ’ ಎಂದು ಹೇಳುವುದು. ಒಂದಡಿ ಆಚೆ ಅಲ್ಲ, ಈಚೆ ಅಲ್ಲ, ಇಲ್ಲಿ. ಹಾಗಾಗಿ ನಮ್ಮೂರಿನ ಹುಡುಗರು ಯುದ್ಧಸ್ಮಾರಕದ ಬರಹದ ಕರಡನ್ನು ಮೊಬೈಲಿಗೆ ಕಳುಹಿಸಿ “ಅಂಕಲ್, ಒಮ್ಮೆ ನೋಡಿ” ಎಂದಾಗ ನನ್ನ ಕಣ್ಣು ಮೊದಲು ಹೋಗಿ ನಿಂತದ್ದು ಆ ಪದದ ಮೇಲೆಯೇ.

‘ಕ್ರಿ.ಶ. 1177ರಲ್ಲಿ ಇಲ್ಲಿ ನಡೆದ ಪಾಲ್ಪರೆ ಯುದ್ಧದಲ್ಲಿ’ ಎಂದು ಆರಂಭವಾಗಿತ್ತು ಅದು.

ಕೊಡಗಿನ ಹೊರಗಿನವರಿಗಾಗಿ ಕಡಂಗದ ಬಗ್ಗೆ ಸ್ವಲ್ಪ ಹೇಳಬೇಕು. ಕಡಂಗ ಎಂದರೆ ಮನುಷ್ಯರು ತೋಡಿದ ಕಂದಕ. ತೋಡಿದ ಮಣ್ಣನ್ನು ಒಂದು ಪಕ್ಕಕ್ಕೆ ಏರಿಯಂತೆ ಪೇರಿಸಿರುತ್ತಾರೆ. ಮೈಲುಗಟ್ಟಲೆ ಹೋಗುತ್ತದೆ, ಗುಡ್ಡ ಹತ್ತುತ್ತದೆ, ಇಳಿಯುತ್ತದೆ, ಕವಲೊಡೆಯುತ್ತದೆ, ಕೆಲವು ಕಡೆ ಬೆಟ್ಟದ ನೆತ್ತಿಯನ್ನೇ ಬಳಸಿಕೊಂಡು ಬರುತ್ತದೆ. ನಮ್ಮಲ್ಲಿ ನಾನು ಅಳೆದ ಕಡೆ ಆಳ ಹದಿನಾಲ್ಕು ಅಡಿ, ತಳದಲ್ಲಿ ಅಗಲ ಆರಡಿ. ಎಷ್ಟು ಶತಮಾನಗಳ ತರಗೆಲೆ ಬಿದ್ದು ಕೊಳೆತ ಮೇಲೂ ಹದಿನಾಲ್ಕು ಉಳಿದಿದೆ ಎಂಬುದನ್ನು ನೆನಪಿಡಿ. ವಿರಾಜಪೇಟೆಯ ಕಡೆ ಕಡಂಗ ಎಂಬ ಹೆಸರಿನ ಊರೇ ಇದೆ, ಬಸ್ಸಿನ ಬೋರ್ಡಿನಲ್ಲಿ ಓದಿರುತ್ತೀರಿ. 888ರ ಬಿಳಿಯೂರು ಶಾಸನದಲ್ಲಿ ಗಂಗ ದೊರೆ ಸತ್ಯವಾಕ್ಯ ಪೆರ್ಮಾನಡಿ ಒಂದು ಜಿನಾಲಯಕ್ಕೆ ಹನ್ನೆರಡು ಹಳ್ಳಿಗಳನ್ನು ಬಿಟ್ಟುಕೊಟ್ಟ ಸಂಗತಿ ಇದೆ. ಆ ಜಿನಾಲಯವಿದ್ದ ಜಾಗದ ಹೆಸರು ಪೆಣ್ಣೆಗಡಂಗ. ಅಂದರೆ ಸಾವಿರದ ನೂರು ವರ್ಷಗಳ ಹಿಂದೆಯೇ ಕಡಂಗ ಊರಿನ ಹೆಸರಿನೊಳಗೆ ಸೇರಿಹೋಗಿತ್ತು. ಊರಿನ ಹೆಸರಾಗಬೇಕಾದರೆ ಅದಕ್ಕೂ ಮೊದಲೇ ಯಾರೋ ಗುದ್ದಲಿ ಹಿಡಿದು ಬೆವರು ಸುರಿಸಿರಬೇಕಲ್ಲ.

ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದ ಹುಡುಗರು ಇದನ್ನು ಅರಣ್ಯ ಇಲಾಖೆಯ ಆನೆ ಕಂದಕ ಎಂದುಕೊಂಡಿದ್ದಾರೆ. ಅವರದು ತಪ್ಪಲ್ಲ. ಆಕಾರ ಅದೇ, ಅಳತೆ ಹೆಚ್ಚುಕಡಿಮೆ ಅದೇ, ಮತ್ತು ಮಣ್ಣು ಜರಿದ ಕಡೆಯಲ್ಲಿ ಆನೆಗಳು ಎರಡನ್ನೂ ಒಂದೇ ಹದದಲ್ಲಿ ಇಳಿದು ದಾಟುತ್ತವೆ.

ಇನ್ನು ಯುದ್ಧ. 1174ರಲ್ಲಿ ಹೊಯ್ಸಳ ವೀರಬಲ್ಲಾಳ ತನ್ನ ದಂಡನಾಯಕ ಬೆಟ್ಟರಸನನ್ನು ಚಂಗಾಳ್ವ ವಂಶದ ಅರಸ ಮಹದೇವನ ಮೇಲೆ ಕಳುಹಿಸಿದ. ಮಹದೇವ ಹತನಾದ. ಬೆಟ್ಟರಸ ಪಾಲ್ಪರೆಯ ಕೋಟೆಯಲ್ಲಿ ತಳವೂರಿದ. ಆ ಕೋಟೆಯ ಅವಶೇಷಗಳು ಇರುವುದು ದಕ್ಷಿಣ ಕೊಡಗಿನ ಕಿಗ್ಗಟ್ಟುನಾಡಿನ ಹತ್ತುಗಟ್ಟಿನಲ್ಲಿ. ಮೂರು ವರ್ಷ ಕಳೆದ ಮೇಲೆ ಪೆಮ್ಮ ವೀರಪ್ಪ ಎಂಬ ಚಂಗಾಳ್ವ ಪಾಲ್ಪರೆಯ ಮೇಲೆ ಏರಿ ಹೋದ. ಜೊತೆಗೆ ಬಡಗಂಡ ನಂದಿದೇವ ಇದ್ದ, ಕುರ್ಚಿಯ ಉದಯಾದಿತ್ಯದೇವ ಇದ್ದ (ಇರ್ಪುವಿನ ಕಡೆ ಇಂದಿಗೂ ಕುರ್ಚಿ ಎಂಬ ಊರಿದೆ), ಎಲ್ಲ ನಾಡುಗಳ ಕೊಡಗರೂ ಇದ್ದರು. ಮೊದಲಿಗೆ ಅವರದೇ ಮೇಲುಗೈ. ಆದರೆ ಕೊನೆಯಲ್ಲಿ ಗೆದ್ದವನು ಬೆಟ್ಟರಸ.

‘ಎಲ್ಲ ನಾಡುಗಳ ಕೊಡಗರು’ ಎಂಬ ಆ ಮಾತು ನಮ್ಮ ಹುಡುಗರ ತಲೆಗೆ ಹೊಕ್ಕಿತ್ತು. ಮೂವರು ಬೆಂಗಳೂರಿನಲ್ಲಿ ಕೆಲಸ ಮಾಡುವವರು, ಒಬ್ಬ ಮೈಸೂರಿನಲ್ಲಿ ಕಾಲೇಜು ಓದುವವನು. ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಊರಿಗೆ ಬಂದಿದ್ದರು. ಕೋವಿಗೆ ಹೂವಿಟ್ಟು ಪೂಜೆಯಾಯಿತು, ಊಟವಾಯಿತು, ಜಗಲಿಯಲ್ಲಿ ಮಾತಿಗೆ ಕುಳಿತರು. ಮಡಿಕೇರಿಯಲ್ಲಿ ಕಾರ್ಯಪ್ಪನವರ ಪ್ರತಿಮೆ ಇದೆ, ತಿಮ್ಮಯ್ಯನವರದಿದೆ, ಗುಡ್ಡೆಮನೆ ಅಪ್ಪಯ್ಯ ಗೌಡರದಿದೆ. ಎಂಟುನೂರು ವರ್ಷಗಳ ಹಿಂದೆ ಸತ್ತವರಿಗೆ ಏನಿದೆ ಎಂದು ಒಬ್ಬ ಕೇಳಿದ. ಮಳೆ ಜೋರಾಗಿತ್ತು, ಕರೆಂಟ್ ಇರಲಿಲ್ಲ. ಇಂಥ ಯೋಜನೆಗಳೆಲ್ಲ ಹುಟ್ಟುವುದು ಅಂಥ ಹೊತ್ತಿನಲ್ಲಿಯೇ.

ಅವರು ಮೊದಲು ಬಯಸಿದ್ದು ಕುದುರೆಯನ್ನು. ಮುಂಗಾಲೆತ್ತಿದ ಕುದುರೆ, ಮೇಲೆ ಕತ್ತಿ ಹಿರಿದ ಸವಾರ. ಅವನ ಮುಖ ಯಾರದು ಎಂದೆ. ಪೆಮ್ಮ ವೀರಪ್ಪನದು ಎಂದರು. ಅವನು ಚಂಗಾಳ್ವ ಅರಸ. ನೀವು ನೆನೆಯಲು ಹೊರಟಿರುವುದು ಅವನ ಜೊತೆಗೆ ಹೋದ ಹೆಸರಿಲ್ಲದವರನ್ನಲ್ಲವೇ ಎಂದೆ. ಸುಮ್ಮನಾದರು. ಅಲ್ಲದೆ ಈ ಕಡಂಗಗಳನ್ನು ತೋಡಿದ್ದೇ ಶತ್ರುವಿನ ದಂಡು ನುಗ್ಗಿ ಬರದಿರಲಿ ಎಂದು. ಇಂಥ ಕಂದಕದ ದಂಡೆಯ ಮೇಲೆ ಕುದುರೆಯನ್ನು ಕುಣಿಸಿದರೆ ತೋಡಿದವರ ಆತ್ಮ ನಮ್ಮನ್ನು ನೋಡಿ ನಕ್ಕೀತು.

ಕುದುರೆಯನ್ನು ಕೊನೆಗೂ ಓಡಿಸಿದವನು ನಾನಲ್ಲ, ಶಿಲ್ಪಿ. ಕಾರ್ಕಳದ ಕಡೆಯವನು, ಮೂವತ್ತರ ಮೇಲೆ ಮೂರೋ ನಾಲ್ಕೋ. ಜಾಗ ನೋಡಲು ಬಂದವನು ಎಲ್ಲರ ಮಾತನ್ನೂ ಕೇಳಿಸಿಕೊಂಡು, “ಸಾರ್, ಕುದುರೆಗೆ ನಾಲ್ಕು ಕಾಲು. ಅದರಲ್ಲಿ ಎರಡನ್ನು ನೀವೇ ಎತ್ತಿಸಿದ್ದೀರಿ. ಉಳಿದ ಎರಡರಲ್ಲಿ ಒಂದು ಘಾಟಿ ರಸ್ತೆಯಲ್ಲಿ ಮುರಿಯುತ್ತದೆ” ಎಂದ. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಆಮೇಲೆ ಅವನು ಊರಿನ ಹಳೆಯ ಕಲ್ಲನ್ನು ತೋರಿಸಿ ಎಂದ. ನಮ್ಮ ಗದ್ದೆಯ ಮೂಲೆಯಲ್ಲಿ, ಒಂದು ಹಲಸಿನ ಮರದ ಬುಡದಲ್ಲಿ ವೀರಗಲ್ಲೊಂದಿದೆ. ಊರಿನ ಹೆಸರನ್ನು ನಾನು ಇಲ್ಲಿ ಬರೆಯದಿರುವುದು ಅದಕ್ಕಾಗಿಯೇ: ವೀರಗಲ್ಲಿನ ಕೆಳಗೆ ನಿಧಿ ಇದೆ ಎಂದು ಅಮಾವಾಸ್ಯೆಯ ರಾತ್ರಿ ಹಾರೆ ಹಿಡಿದು ಬರುವ ಮೂರ್ಖರು ಇನ್ನೂ ಇದ್ದಾರೆ. ನೆಲದ ಮೇಲೆ ಕಾಣುವುದು ಮೂರಡಿ. ಹಗಲಿನಲ್ಲಿ ನೋಡಿದರೆ ಪಾಚಿ ಹಿಡಿದ ಚಪ್ಪಡಿ, ಅಷ್ಟೆ. ನೋಡಬೇಕಾದದ್ದು ರಾತ್ರಿ, ಟಾರ್ಚನ್ನು ಕಲ್ಲಿನ ಮೈಗೆ ಒರಗಿಸಿ, ಬೆಳಕು ಅಡ್ಡಡ್ಡಲಾಗಿ ಹರಿಯುವಂತೆ ಹಿಡಿದು. ಹಾಗೆ ಹಿಡಿದಾಗ ಮೂರು ಅಂತಸ್ತುಗಳೂ ಎದ್ದು ಬರುತ್ತವೆ. ತುದಿಯಲ್ಲಿ ಸೂರ್ಯ, ಚಂದ್ರ. ಅವರ ಕೆಳಗೆ ಲಿಂಗದ ಮುಂದೆ ಕುಳಿತ ವೀರ. ನಡುವೆ ಅವನನ್ನು ಎರಡೂ ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರು. ಕೆಳಗೆ ಕಾಳಗ. ಬಿಲ್ಲು ಹಿಡಿದವನೊಬ್ಬ, ಅವನ ಪಾದಗಳ ಹತ್ತಿರ ಬಿದ್ದವನೊಬ್ಬ. ಅಪ್ಸರೆಯರ ಮುಖ ಅಳಿಸಿಹೋಗಿದೆ, ವೀರನ ಮುಖವೂ ಹೋಗಿದೆ. ಆದರೆ ಬಿದ್ದವನ ಬಲಗಾಲಿನ ಐದು ಬೆರಳುಗಳು ಮಾತ್ರ ಒಂದೊಂದೂ ಸ್ಪಷ್ಟ, ಹೆಬ್ಬೆರಳು ಸ್ವಲ್ಪ ಮೇಲಕ್ಕೆ ಸೆಟೆದುಕೊಂಡಿದೆ. ಕೆತ್ತಿದವನು ಸತ್ತ ಮನುಷ್ಯನ ಕಾಲನ್ನು ಹತ್ತಿರದಿಂದ ನೋಡಿದ್ದ.

ಶಿಲ್ಪಿ ಟಾರ್ಚನ್ನು ಆ ಬೆರಳುಗಳ ಮೇಲೆ ಹಿಡಿದು ಬಹಳ ಹೊತ್ತು ಕುಳಿತ. ಜಿಗಣೆ ಹತ್ತಿದ್ದೂ ತಿಳಿಯಲಿಲ್ಲ ಅವನಿಗೆ. ಎದ್ದವನು ಕೇಳಿದ್ದು ಒಂದೇ: “ಇದರ ಮೇಲೆ ಬರಹ ಇಲ್ಲವೇ?” ಇಲ್ಲ. ಇದು ಯಾರ ಕಲ್ಲು, ಯಾವ ಕಾಳಗದ್ದು ಎಂದು ಹೇಳುವ ಒಂದು ಅಕ್ಷರವೂ ಅದರಲ್ಲಿಲ್ಲ.

ನನ್ನ ತಕರಾರಿನ ಬೇರು ಇರುವುದೂ ಅಲ್ಲಿಯೇ. ನಮ್ಮೂರಿನಲ್ಲಿ ಕಡಂಗ ಇದೆ, ಅದು ನಿಜ. ವೀರಗಲ್ಲು ಇದೆ, ಅದೂ ನಿಜ. ಪಾಲ್ಪರೆಯ ಯುದ್ಧ ನಡೆದದ್ದು ನಿಜ. ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ ‘ಇಲ್ಲಿ’ ಎಂದು ಗಂಟು ಹಾಕಲು ನನ್ನ ಹತ್ತಿರ ಯಾವ ನಕ್ಷೆಯೂ ಇಲ್ಲ. ಸಭೆಯಲ್ಲಿ ಇದನ್ನು ಹೇಳಿದಾಗ ಹುಡುಗರಲ್ಲಿ ಹಿರಿಯವನಿಗೆ ಸಿಟ್ಟು ಬಂತು. “ನಿಮ್ಮ ಊರಿನದಾಗಿದ್ದರೆ ಹೀಗೆ ಹೇಳುತ್ತಿದ್ದಿರಾ ಅಂಕಲ್?” ಎಂದ.

ಆ ಪ್ರಶ್ನೆ ಚುಚ್ಚಿತು. ನಾನು ಹುಟ್ಟಿದ್ದು ಸೋಮವಾರಪೇಟೆ ತಾಲ್ಲೂಕಿನಲ್ಲಿ, ಮಾಲಂಬಿ ಬೆಟ್ಟ ಕಣ್ಣಿಗೆ ಬೀಳುವಷ್ಟು ಹತ್ತಿರದಲ್ಲಿ. ನೌಕರಿಗೆಂದು ದಕ್ಷಿಣಕ್ಕೆ ಬಂದು, ಮೂರು ಎಕರೆ ಕೊಂಡು ಇಲ್ಲಿಯೇ ಉಳಿದೆ. ಮೂವತ್ತು ವರ್ಷವಾದರೂ ನಾನು ಇವರಿಗೆ ಉತ್ತರದ ಏಳುಸಾವಿರ ಸೀಮೆಯವನೇ. ನಮ್ಮ ಮಾಲಂಬಿಗೂ ಒಂದು ಯುದ್ಧದ ಕಥೆಯಿದೆ. 1004ರ ಸುಮಾರಿಗೆ ಚೋಳರು ಚಂಗಾಳ್ವರನ್ನು ಪಣಸೋಗೆಯಲ್ಲಿ, ಅಂದರೆ ಕಾವೇರಿ ದಡದ ಈಗಿನ ಹನಸೋಗೆಯಲ್ಲಿ, ಎದುರಿಸಿದರು. ಅಲ್ಲಿ ಮನಿಜ ಎಂಬ ಯೋಧ ಮೆರೆದ ಪರಾಕ್ರಮದ ಸುದ್ದಿ ರಾಜರಾಜ ಚೋಳನ ಕಿವಿಗೆ ಬಿತ್ತು. ಮನಿಜನಿಗೆ ‘ಕ್ಷತ್ರಿಯ ಶಿಖಾಮಣಿ ಕೊಂಗಾಳ್ವ’ ಎಂಬ ಪಟ್ಟ ಕಟ್ಟಿ, ಮಾಲವ್ವಿಯನ್ನು ಕೊಡಿ ಎಂದು ಅಪ್ಪಣೆಯಾಯಿತು. ಆ ಮಾಲವ್ವಿಯೇ ನಮ್ಮ ಮಾಲಂಬಿ. ಕೊಂಗಾಳ್ವರ ವಂಶ ಶುರುವಾದದ್ದು ಹಾಗೆ. ಮುಳ್ಳೂರಿನ ಬಸದಿಗಳ ಅಂಗಳದಲ್ಲಿ ಶಾಲೆಯ ಪಿಕ್ನಿಕ್ಕಿನ ಚಿತ್ರಾನ್ನ ತಿಂದವನು ನಾನು; ಅವು ಅದೇ ಕೊಂಗಾಳ್ವರ ಕಾಲದವು ಎಂದು ತಿಳಿದದ್ದು ನೌಕರಿಗೆ ಸೇರಿದ ಮೇಲೆ.

ಹಾಗಾಗಿ ಹುಡುಗನಿಗೆ ಹೇಳಿದೆ: “ನನ್ನ ಊರು ಯುದ್ಧದಲ್ಲಿ ಬಂದ ಬಹುಮಾನ ಕಣಪ್ಪಾ. ಆದರೆ ಆ ಯುದ್ಧ ಮಾಲಂಬಿಯಲ್ಲಿ ನಡೆಯಿತು ಎಂದು ಯಾರಾದರೂ ಕಲ್ಲು ನೆಟ್ಟರೆ ನಾನೇ ಹೋಗಿ ಕೀಳಿಸುತ್ತೇನೆ.” ಅವನು ನಕ್ಕ. ‘ಇಲ್ಲಿ’ಯನ್ನು ಬಿಟ್ಟುಕೊಡಲು ಮಾತ್ರ ಮತ್ತೂ ಎರಡು ಸಭೆಗಳು ಬೇಕಾದವು.

ಅದರ ನಡುವೆ ‘ವಿಜಯ’ ಎಂಬ ಪದವೊಂದು ಹಿಂಬಾಗಿಲಿನಿಂದ ನುಸುಳಲು ನೋಡಿತು. ಮೊದಲಿಗೆ ಗೆದ್ದಿದ್ದರಲ್ಲ, ಅಷ್ಟನ್ನೇ ಬರೆದರೆ ಸುಳ್ಳಾಗುವುದಿಲ್ಲವಲ್ಲ ಎಂಬುದು ವಾದ. ಇಂಥ ವಾದವನ್ನು ನಾನು ಜಾಗದ ತಗಾದೆಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಬೇಲಿ ಹಾಕಿದ್ದು ನಿಜ ತಾನೇ ಎನ್ನುತ್ತಾರೆ. ಯಾರ ಜಾಗದಲ್ಲಿ ಹಾಕಿದ್ದು ಎಂದು ಹೇಳುವುದಿಲ್ಲ. ಆ ಪದ ಬಂದ ಬಾಗಿಲಿನಲ್ಲಿಯೇ ಹೋಯಿತು.

ಕಲ್ಲು ಆರಿಸುವ ದಿನ ನಾನೂ ಹೋಗಿದ್ದೆ. ಅಂಗಳದಲ್ಲಿ ಹತ್ತಾರು ಚಪ್ಪಡಿಗಳು ಮಲಗಿದ್ದವು. ಶಿಲ್ಪಿ ಒಂದೊಂದನ್ನೂ ಸುತ್ತಿಗೆಯ ತುದಿಯಿಂದ ಮೆಲ್ಲಗೆ ತಟ್ಟುತ್ತ, ಕಿವಿ ಬಗ್ಗಿಸಿ ಕೇಳುತ್ತ ಹೋದ. ಕೆಲವು ‘ದಬ್’ ಎಂದವು. ಒಳಗೆ ಬಿರುಕಿದೆ ಎಂದು ಅರ್ಥ. ಇನ್ನು ಕೆಲವು ತಲೆಯ ಕಡೆ ಒಂದು ಸದ್ದು, ಕಾಲಿನ ಕಡೆ ಇನ್ನೊಂದು. ಏಳನೆಯದೋ ಎಂಟನೆಯದೋ ತುದಿಯಿಂದ ತುದಿಗೆ ಕಂಚಿನ ಹಾಗೆ ನುಡಿಯಿತು. “ಇದು” ಎಂದ. ನನಗೂ ತಟ್ಟಲು ಕೊಟ್ಟ. ಮೂವತ್ತೊಂದು ವರ್ಷ ಕಲ್ಲು ನೆಡಿಸಿದ್ದೇನೆ, ಒಂದನ್ನೂ ತಟ್ಟಿ ನೋಡಿರಲಿಲ್ಲ.

ಮೂರು ತಿಂಗಳ ಕೆಲಸ. ಒಟ್ಟು ಆಕಾರ ತೆಗೆಯಲು ಗ್ರೈಂಡರ್, ಆಮೇಲೆಲ್ಲ ಉಳಿ. ಅವನು ಹಳೆಯ ಕಲ್ಲಿನ ಮೂರು ಅಂತಸ್ತುಗಳನ್ನು ಇಟ್ಟುಕೊಂಡ, ಒಳಗಿನದನ್ನು ಬದಲಿಸಿದ. ತುದಿಯಲ್ಲಿ ಸೂರ್ಯ ಚಂದ್ರರಿದ್ದಾರೆ, ಅವರ ಕೆಳಗೆ ವೀರನಿಲ್ಲ, ಖಾಲಿ ಬಿಟ್ಟಿದ್ದಾನೆ. ನಡುವಿನ ಅಂತಸ್ತಿನಲ್ಲಿ ಅಪ್ಸರೆಯರ ಜಾಗದಲ್ಲಿ ಬೆಟ್ಟಗಳ ಸಾಲು. ಅದರ ಮೇಲೆ ಎಡದಂಚಿನಿಂದ ಬಲದಂಚಿಗೆ ಏರಿಳಿಯುತ್ತ ಹೋಗುವ ಆಳವಾದ ಗೆರೆ, ಕಡಂಗ. ಎರಡು ಅಂಗುಲ ಆಳ ಕೊರೆದಿದ್ದಾನೆ, ಬೆರಳಿಟ್ಟರೆ ಗೆಣ್ಣು ಮುಳುಗುತ್ತದೆ. ಕೆಳಗಿನ ಅಂತಸ್ತಿನಲ್ಲಿ ಜನರಿಲ್ಲ, ಪಾದಗಳು ಮಾತ್ರ. ಇಪ್ಪತ್ತೆರಡು ಪಾದಗಳು, ನಿಂತವು, ಓಡುವವು, ಮಲಗಿದವು. ಮೂಲೆಯಲ್ಲೊಂದರ ಹೆಬ್ಬೆರಳು ಮೇಲಕ್ಕೆ ಸೆಟೆದುಕೊಂಡಿದೆ.

ನನಗೆ ಎಲ್ಲವೂ ಹಿಡಿಸಿತು ಎಂದಲ್ಲ. ಬೆಟ್ಟಗಳಿಗೆ ಪಾಲಿಶ್ ಕೊಟ್ಟದ್ದು ನನಗೆ ಒಗ್ಗಲಿಲ್ಲ, ಬ್ಯಾಂಕಿನ ಮುಂಬಾಗಿಲಿನ ಕಲ್ಲಿನಂತೆ ಹೊಳೆಯುತ್ತದೆ. ಎರಡು ಮಳೆಗಾಲ ಕಳೆದರೆ ಪಾಚಿ ಸರಿಮಾಡುತ್ತದೆ ಎಂದು ಶಿಲ್ಪಿ ಸಮಾಧಾನ ಹೇಳಿದ. ಕೊಡಗಿನ ಮಳೆಯನ್ನು ಅವನು ಕಡಿಮೆ ಅಂದಾಜು ಮಾಡಿದ್ದ, ಒಂದೇ ಸಾಕಾಯಿತು.

ಬರಹ ಕೊನೆಗೆ ಹೀಗಾಯಿತು: ‘1177. ಪಾಲ್ಪರೆಯಲ್ಲಿ ಕಾದಿದ ಎಲ್ಲ ನಾಡುಗಳ ಕೊಡಗರ ನೆನಪಿಗೆ.’ ಹಿಂಬದಿಯಲ್ಲಿ ಕಲ್ಲು ನಿಲ್ಲಿಸಿದ ವರ್ಷ. ಅದು ನನ್ನ ಹಟ. ಇನ್ನು ಮುನ್ನೂರು ವರ್ಷದ ಮೇಲೆ ಯಾವನೋ ಪಾಚಿ ಕೆರೆದು, ಮುಂದಿನ 1177 ಓದಿ, ಇದು ಹೊಯ್ಸಳರ ಕಾಲದ್ದೆಂದು ಬರೆದುಬಿಟ್ಟರೆ? ಆ ತಪ್ಪಿಗೆ ನಾನು ಜಾಮೀನು ನಿಲ್ಲಲಾರೆ.

ನಿಲ್ಲಿಸಿದ ದಿನ ಎರಡೂವರೆ ಅಡಿ ಆಳದ ಗುಂಡಿ, ತಳಕ್ಕೆ ಜಲ್ಲಿ. ಕಲ್ಲು ಏಳುವಾಗ ಒಮ್ಮೆ ಹಗ್ಗ ಜಾರಿತು, ಎಲ್ಲರ ಉಸಿರೂ ನಿಂತಿತು. ಆಮೇಲೆ ಸರಕ್ಕನೆ ಗುಂಡಿಗೆ ಕುಳಿತುಕೊಂಡಿತು. ತೂಗುಗುಂಡು ಇಳಿಬಿಟ್ಟು ನಾಲ್ಕೂ ಬದಿ ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಭಾಷಣ ಬೇಡವೆಂದು ಮೊದಲೇ ತೀರ್ಮಾನವಾಗಿತ್ತು, ಆದರೂ ಇಬ್ಬರು ಮಾಡಿದರು. ತೋಟದ ಮನೆಯಲ್ಲಿ ಅಕ್ಕಿತರಿಯ ಉಂಡೆ ಕಡಂಬುಟ್ಟು, ಹಂದಿ ಮಾಂಸದ ಪಂದಿ ಕರಿ. ನನಗೆ ಬೇರೆಯಾಗಿ ತರಕಾರಿ ಸಾರು ಮಾಡಿಸಿದ್ದರು, ಮೂವತ್ತು ವರ್ಷಗಳಿಂದ ಮಾಡಿಸುತ್ತಲೇ ಇದ್ದಾರೆ.

ಊಟದ ಹೊತ್ತಿನಲ್ಲಿ ಯಜಮಾನರ ತಾಯಿ, ಎಂಬತ್ತೆಂಟು ದಾಟಿದ ಅವ್ವ, ಒಂದು ಪ್ರಶ್ನೆ ಎತ್ತಿದರು. ಈ ಎಲ್ಲ ಗದ್ದಲದಲ್ಲಿ ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ.

“ಇವರಿಗೆ ಮೀದಿ ಇಡಬೇಕೋ, ಬೇಡವೋ?”

ಮೀದಿ ಎಂದರೆ ಮನೆತನದ ಹಿರಿಯರ ಆತ್ಮಗಳಿಗೆ ಇಡುವ ಎಡೆ. ಒಕ್ಕದವರು, ಅಂದರೆ ಒಂದು ಮನೆತನದವರು, ತಮ್ಮ ಒಕ್ಕದ ಕಾರಣರಿಗೆ, ಗತಿಸಿದ ಹಿರಿಯರಿಗೆ, ಇಡುತ್ತಾರೆ. ಆದರೆ ಇವರು ಯಾವ ಒಕ್ಕದವರು? ಎಲ್ಲ ನಾಡುಗಳವರು ಎಂದು ನಾವೇ ಕೆತ್ತಿಸಿದ್ದೇವೆ. ಎಲ್ಲರದೂ ಎಂದ ಮೇಲೆ ಇಡುವವರು ಯಾರು? ಅವ್ವನ ಮಗ ತಲೆ ಕೆರೆದುಕೊಂಡರು. ಬೆಂಗಳೂರಿನ ಹುಡುಗ ಗೂಗಲ್‌ನಲ್ಲಿ ಏನೋ ಹುಡುಕಿದ. ಯಾರಿಂದಲೂ ಉತ್ತರ ಬರದಿದ್ದಾಗ ಅವ್ವ ಎದ್ದು, ಬಾಳೆ ಎಲೆಯ ತುಂಡಿಗೆ ಎರಡು ಕಡಂಬುಟ್ಟು, ಸ್ವಲ್ಪ ಕರಿ ಹಾಕಿಸಿಕೊಂಡು, ಮೊಮ್ಮಗಳ ಕೈ ಹಿಡಿದು ಕಲ್ಲಿನವರೆಗೆ ನಡೆದು ಹೋಗಿ ಇಟ್ಟು ಬಂದರು. ಯಾವ ಮಂತ್ರವನ್ನೂ ಹೇಳಲಿಲ್ಲ. ವಾಪಸು ಬರುವಾಗ ಹಲಸಿನ ಬುಡದ ಹಳೆಯ ಕಲ್ಲಿಗೂ ಒಂದು ತುತ್ತು.

ಜುಲೈ ಕೊನೆಗೆ, ಮಳೆ ಎರಡು ದಿನ ಹೊಳವಾದಾಗ, ನೋಡಿ ಬರೋಣವೆಂದು ಹೋದೆ. ಕಲ್ಲಿನ ಪೂರ್ವದ ಬದಿಗೆ, ನನ್ನ ತಲೆಗಿಂತ ಎತ್ತರದವರೆಗೆ, ಕೆಸರು ಮೆತ್ತಿಕೊಂಡಿತ್ತು. ಒಣಗಿದ ಕೆಸರಿನ ನಡುವೆ ದಪ್ಪನೆಯ ಕಪ್ಪು ಕೂದಲು ಎರಡು. ಹಲಸಿನ ಹಣ್ಣಿಗೆ ಬಂದ ಆನೆ ಕಡಂಗ ದಾಟಿ, ಇಷ್ಟು ಒಳ್ಳೆಯ ಕಲ್ಲನ್ನು ಸುಮ್ಮನೆ ಬಿಡುವುದೇಕೆಂದು ಮೈ ಉಜ್ಜಿಕೊಂಡು ಹೋಗಿದೆ. ಬ್ಯಾಂಕಿನ ಹೊಳಪು ಆ ಬದಿಯಲ್ಲಿ ಪೂರ್ತಿ ಮಾಯ. ತೂಗುಗುಂಡು ಇಳಿಬಿಟ್ಟೆ: ಪಶ್ಚಿಮಕ್ಕೆ ಒಂದೂಮುಕ್ಕಾಲು ಅಂಗುಲ ವಾಲಿದೆ.

ಫೋಟೋ ಕಳುಹಿಸಿದ್ದಕ್ಕೆ ಬೆಂಗಳೂರಿನಿಂದ ಆ ಕ್ಷಣವೇ ಕರೆ ಬಂತು. ಸುತ್ತ ಕಬ್ಬಿಣದ ಬೇಲಿ ಹಾಕೋಣ, ಸೋಲಾರ್ ತಂತಿ ಎಳೆಸೋಣ, ಬುಡಕ್ಕೆ ಕಾಂಕ್ರೀಟ್ ಸುರಿಯೋಣ. ಬುಡ ಗಟ್ಟಿಯಾಗಿದೆ, ಬೇಲಿ ಹಾಕಿದರೆ ಆನೆ ಬೇಲಿಯನ್ನೂ ಕಲ್ಲನ್ನೂ ಒಟ್ಟಿಗೆ ಕೆಡವುತ್ತದೆ, ಸದ್ಯಕ್ಕೆ ಏನೂ ಬೇಡ ಎಂದೆ. ವಾಲಿದ ಅಳತೆಯನ್ನು ತಾರೀಖಿನ ಸಮೇತ ನನ್ನ ಹಳೆಯ ಫೀಲ್ಡ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಹುತ್ತರಿ ಕಳೆದ ಮೇಲೆ ಇನ್ನೊಮ್ಮೆ ಅಳೆಯಬೇಕು.